ನವನಗರದ ಎರಡು ಬೇಸಿಗೆ ಕಂಡ ನನ್ನ ಫಿಟ್‌ನೆಸ್ ಬ್ಯಾಂಡ್

ಕಂಪನಿಯ ಹೆಸರು ಬರೆಯುವುದಿಲ್ಲ. ಎರಡು–ಮೂರು ಸಾವಿರ ರೂಪಾಯಿಯ ಬ್ಯಾಂಡ್‌ಗಳ ಗುಣ, ಅವಗುಣ ಹೆಚ್ಚುಕಡಿಮೆ ಒಂದೇ. ಕೊಳ್ಳುವಾಗ ಬರುವ ವಿಮರ್ಶೆಗಳಲ್ಲಿ ಪರದೆ ಎಷ್ಟು ಹೊಳೆಯುತ್ತದೆ ಅನ್ನೋದೇ ಜಾಸ್ತಿ. ಕೈತುಂಬ ಬಳೆ ಹಾಕುವವರಿಗೆ, ದಿನಾ ರೊಟ್ಟಿ ಬಡಿಯುವವರಿಗೆ ಇದು ಹೇಗೆ ಅಂತ ಯಾರೂ ಹೇಳುವುದಿಲ್ಲ. ಅದನ್ನೇ ಹೇಳುತ್ತೇನೆ.

ಮೊದಲು ನನ್ನ ಪರಿಸ್ಥಿತಿ. ಬಾಗಲಕೋಟೆಯ ಒಂದು ಪತ್ತಿನ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ. ಕೂತರೆ ಕೂತೇ. ಮನೆ ನವನಗರದಲ್ಲಿ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ತಗ್ಗಿನ ಭಾಗ ಹೋದಾಗ ಅಲ್ಲಿನವರಿಗಾಗಿ ಕಟ್ಟಿದ ಊರಿದು. ರಸ್ತೆ ಅಗಲ, ಸೆಕ್ಟರ್‌ಗಳು ಅಚ್ಚುಕಟ್ಟು. ಆದರೆ ಒಂದಕ್ಕೊಂದು ದೂರ. ಹೀಗಾಗಿ ಹಾಲು ತರೋಕೂ ಸ್ಕೂಟಿ ಹತ್ತುವ ಜನ ನಾವು. ಶುಗರ್ ಗಡಿಯಲ್ಲಿದೆ, ನಡೀರಿ ಅಂತ ಡಾಕ್ಟರ್ ಹೇಳಿದ ಮೇಲೆ ಬ್ಯಾಂಡ್ ಬಂತು.

ಹೆಜ್ಜೆ ಎಣಿಕೆ ನಂಬಬಹುದಾ? ಅರ್ಧ ನಂಬಿ. ಒಳಗಿರುವುದು ಅಲುಗಾಟ ಅಳೆಯುವ ಒಂದು ಪುಟ್ಟ ಸೆನ್ಸರ್. ಅದಕ್ಕೆ ನಿಮ್ಮ ಕಾಲು ಗೊತ್ತಿಲ್ಲ. ಮುಂಗೈ ಅಲುಗುವ ಲಯ ನೋಡಿ ಹೆಜ್ಜೆ ಅಂತ ತೀರ್ಮಾನಿಸುತ್ತದೆ. ಬಲಗೈಗೆ ಕಟ್ಟಿಕೊಂಡು ಬೆಳಿಗ್ಗೆ ಮನೆಮಂದಿಗೆಲ್ಲ ಜೋಳದ ರೊಟ್ಟಿ ಬಡಿದರೆ, ಒಲೆ ಮುಂದೆ ಕೂತಲ್ಲೇ ನೂರಾರು ಹೆಜ್ಜೆ ಜಮಾ! ಎಡಗೈಗೆ ಬದಲಿಸಿದೆ. ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ತಗ್ಗುದಿನ್ನೆ ರಸ್ತೆಯಲ್ಲಿ ಸ್ಕೂಟಿ ಓಡಿಸಿದರೂ ಒಂದಿಷ್ಟು ಸೇರುತ್ತದೆ. ಅದೇ ಕೈಯಲ್ಲಿ ಕಾಯಿಪಲ್ಲೆ ಚೀಲ ಹಿಡಿದು ಸಂತೆ ಸುತ್ತಿದರೆ ನಿಜವಾದ ಹೆಜ್ಜೆಯನ್ನೇ ಬಿಟ್ಟುಬಿಡುತ್ತದೆ, ಏಕೆಂದರೆ ಕೈ ಬೀಸುವುದೇ ಇಲ್ಲವಲ್ಲ. ನಮ್ಮ ಸಂಘದ ಲೆಕ್ಕ ಹೀಗಿದ್ದರೆ ಆಡಿಟರ್ ಬಿಡ್ತಾರಾ?

ಆದರೂ ದಿನಾ ಇದೇ ತಪ್ಪು ಇದೇ ಅಳತೆಯಲ್ಲಿ ಆಗುತ್ತದೆ. ಹೋದ ವಾರಕ್ಕೂ ಈ ವಾರಕ್ಕೂ ಹೋಲಿಸೋಕೆ ಅಷ್ಟು ಸಾಕು.

ನಾಡಿಬಡಿತದ ಕಥೆ ಬೇರೆ. ಹಿಂದೆ ಹಸಿರು ದೀಪ ಮಿನುಗುತ್ತದಲ್ಲ, ಆ ಬೆಳಕು ಚರ್ಮದೊಳಗೆ ಹೋಗಿ, ರಕ್ತದ ಏರಿಳಿತಕ್ಕೆ ತಕ್ಕಂತೆ ಹೆಚ್ಚುಕಡಿಮೆ ಆಗಿ ಮರಳಿ ಬರುತ್ತದೆ. ಅದರಿಂದ ಬಡಿತದ ಲೆಕ್ಕ. ಚರ್ಮಕ್ಕೆ ಬಿಗಿಯಾಗಿ ಅಂಟಿದ್ದರೆ ಮಾತ್ರ ಸರಿ. ಬಳೆ ತಾಗಿ ಬ್ಯಾಂಡ್ ಜರುಗಿದರೆ ಸುಮ್ನೆ ಕೂತಾಗಲೂ ಓಡಿದವರ ಬಡಿತ ತೋರಿಸುತ್ತದೆ. ಬಳೆಗಿಂತ ಮೇಲೆ, ಮೊಣಕೈ ಕಡೆಗೆ ಸ್ವಲ್ಪ ಸರಿಸಿ ಕಟ್ಟಿ, ಈ ಕಾಟ ತಪ್ಪುತ್ತದೆ. ನಮ್ಮ ಅತ್ತೆಗೆ ಕಟ್ಟಿದರೆ ಬಡಿತವೇ ಬರಲಿಲ್ಲ. ಅವರ ಮುಂಗೈ ತುಂಬ ಹಳೇ ಕಾಲದ ಹಚ್ಚೆ. ಹಚ್ಚೆಯ ಬಣ್ಣ ಬೆಳಕನ್ನು ನುಂಗುತ್ತದೆ. ಅವರು ಬಿಚ್ಚಿಕೊಡುತ್ತಾ, "ಶ್ರೀಶೈಲಕ್ಕ ನಡಕೋತ ಹೋದಾಗ ನಮ್ಮ ಹೆಜ್ಜಿ ಯಾರ್ ಎಣಿಸ್ಯಾರವಾ?" ಅಂದರು. ಉತ್ತರ ಇರಲಿಲ್ಲ. ಯುಗಾದಿ ಹೊತ್ತಿಗೆ ಮಲ್ಲಯ್ಯನ ಕಂಬಿ ಜೊತೆ ನೂರಾರು ಕಿಲೋಮೀಟರ್ ನಡೆದವರ ಮುಂದೆ ನನ್ನ ಆಪ್ ಏನು ತೋರಿಸಲಿ?

ನನ್ನನ್ನು ನಿಜಕ್ಕೂ ಎಬ್ಬಿಸಿದ್ದು ಹೆಜ್ಜೆಯ ಸಂಖ್ಯೆ ಅಲ್ಲ, ಒಂದು ತಾಸು ಕೂತರೆ ಗುರ್ ಅನ್ನುವ ಸೌಲಭ್ಯ. ಕೂತಲ್ಲೇ ಕೈ ಅಲ್ಲಾಡಿಸಿ ಮೋಸ ಮಾಡಬಹುದು, ನಿಜ. ಆದರೆ ಪಕ್ಕದ ಮೇಜಿನ ಅಕ್ಕಾರಿಗೂ ಅದರ ಸದ್ದು ಕೇಳುತ್ತದೆ. "ಏಳ್ರಿ, ನಿಮ್ಮ ಸಾಹೇಬ್ರು ಕರೆಯಾಕತ್ತಾರ" ಅಂತ ಅವರೇ ಎಬ್ಬಿಸುತ್ತಾರೆ. ಈಗ ಇಬ್ಬರೂ ಎದ್ದು ವರಾಂಡದ ಕೊನೆಯವರೆಗೆ ಹೋಗಿ ನೀರು ಕುಡಿದು ಬರುತ್ತೇವೆ. ಸಂಜೆ ಕಾಲು ಜೋಮು ಹಿಡಿಯುವುದು ನಿಂತಿದೆ. ಇಡೀ ಬ್ಯಾಂಡಿನಲ್ಲಿ ಇದೊಂದಕ್ಕೇ ನಾನು ದುಡ್ಡು ಕೊಡುತ್ತೇನೆ.

ಬ್ಯಾಂಡ್ ತಾನಾಗಿ ಇಟ್ಟುಕೊಡುವ 10,000 ಹೆಜ್ಜೆಯ ಗುರಿಯನ್ನು ಮೊದಲೇ ಇಳಿಸಿಬಿಡಿ. ಆ ಸಂಖ್ಯೆ ಡಾಕ್ಟರುಗಳು ಹೇಳಿದ್ದಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಮಾರಿದ ಹೆಜ್ಜೆ ಎಣಿಸುವ ಯಂತ್ರದಿಂದ ಜನಪ್ರಿಯವಾದದ್ದು. 2019ರಲ್ಲಿ ಅಮೆರಿಕದ ವಯಸ್ಸಾದ ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ ದಿನಕ್ಕೆ 4,400ರಷ್ಟು ಹೆಜ್ಜೆ ಹಾಕಿದವರಲ್ಲೇ, ತೀರಾ ಕಡಿಮೆ ನಡೆದವರಿಗಿಂತ ಸಾವು ಕಡಿಮೆ ಇತ್ತು. ಸುಮಾರು 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯಂತೂ ಹೆಜ್ಜೆ ಲೆಕ್ಕ ಹೇಳುವುದೇ ಇಲ್ಲ, ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಸ್ವಲ್ಪ ಉಸಿರೇರುವ ಚಟುವಟಿಕೆ ಅನ್ನುತ್ತದೆ. ನಾನು 7,000ಕ್ಕೆ ಇಟ್ಟಿದ್ದೇನೆ. ಏಪ್ರಿಲ್, ಮೇ ತಿಂಗಳಲ್ಲಿ ಅದನ್ನೂ ಇಳಿಸುತ್ತೇನೆ. ನಲವತ್ತು ಡಿಗ್ರಿ ದಾಟಿದ ನಮ್ಮೂರ ಬಿಸಿಲಿನಲ್ಲಿ ಗುರಿ ಮುಟ್ಟೋಕೆ ಹೋಗಿ ತಲೆ ತಿರುಗಿ ಬಿದ್ದರೆ ಬ್ಯಾಂಡ್ ಬಂದು ಎತ್ತುತ್ತಾ? ಆಗ ಹೊತ್ತು ಹುಟ್ಟುವ ಮುಂಚೆ ಸೆಕ್ಟರ್ ಒಳಗೇ ಎರಡು ಸುತ್ತು. ಬೀದಿನಾಯಿ ಇರುತ್ತವೆ, ಕೈಯಲ್ಲಿ ಒಂದು ಕೋಲಿರಲಿ.

ಬೇಸಿಗೆಯ ಇನ್ನೊಂದು ಕಾಟ ಪಟ್ಟಿ. ಬೆವರು, ಸೋಪು ಅದರಡಿ ನಿಂತು ಚರ್ಮ ಕೆಂಪಾಗಿ ತುರಿಸುತ್ತದೆ. ರಾತ್ರಿ ಬಿಚ್ಚಿ ತೊಳೆದು ಒಣಗಿಸಿದರೆ ಸರಿಹೋಗುತ್ತದೆ. ಹಾಗೆ ಬಿಚ್ಚಿದರೆ ನಿದ್ದೆಯ ಲೆಕ್ಕ ತಪ್ಪುತ್ತದೆ, ತಪ್ಪಲಿ. ಅಲ್ಲಾಡದೆ ಮಲಗಿ ಧಾರಾವಾಹಿ ನೋಡಿದರೂ ನಿದ್ದೆ ಅಂತ ಬರೆಯುವ ಲೆಕ್ಕ ಅದು. ಕ್ಯಾಲೊರಿಯದ್ದೂ ಅಂದಾಜು. ರಕ್ತದ ಆಮ್ಲಜನಕದ ಅಂಕಿ ನೋಡಿ ಆಸ್ಪತ್ರೆಗೆ ಓಡುವುದೂ ಬೇಡ, ದಮ್ಮು ಹತ್ತಿದಾಗ ಅಂಕಿ ಚೆನ್ನಾಗಿದೆ ಅಂತ ಸುಮ್ಮನೆ ಕೂರುವುದೂ ಬೇಡ.

ಬ್ಯಾಟರಿ ಡಬ್ಬಿಯ ಮೇಲೆ ಬರೆದ ಅರ್ಧದಷ್ಟು ದಿನ ಬರುತ್ತದೆ. ನಾಡಿಬಡಿತ ಸದಾ ಅಳೆಯುವಂತೆ ಇಟ್ಟರೆ ಇನ್ನೂ ಕಡಿಮೆ. ಮೊದಲ ಪಟ್ಟಿ ಗುಂಡಿಯ ಹತ್ತಿರ ಹರಿಯಿತು. ಸರ್ವಿಸ್‌ಗೆ ಹುಬ್ಬಳ್ಳಿಗೆ ಕಳಿಸಬೇಕು ಅಂದರು. ಹಳೇ ಬಾಗಲಕೋಟೆಯ ಒಂದು ಮೊಬೈಲ್ ಅಂಗಡಿಯಲ್ಲಿ ನೂರೈವತ್ತಕ್ಕೆ ಬೇರೆ ಪಟ್ಟಿ ಸಿಕ್ಕಿತು, ಮೊದಲಿನದಕ್ಕಿಂತ ಗಟ್ಟಿ.

ಕೊಳ್ಳುವುದಾದರೆ ಪಟ್ಟಿ ಬದಲಿಸಲು ಬರುವಂಥದ್ದು, ಕೂತಾಗ ಎಚ್ಚರಿಸುವ ಸಮಯವನ್ನು ನಾವೇ ಹೊಂದಿಸಬಹುದಾದದ್ದು ನೋಡಿ. ಉಳಿದದ್ದಕ್ಕೆ ಹೆಚ್ಚು ದುಡ್ಡು ಹಾಕಬೇಡಿ. ಇದು ಕೆಟ್ಟರೆ ನಾನು ಮತ್ತೆ ಇದೇ ಬೆಲೆಯದನ್ನೇ ತರುತ್ತೇನೆ. ಐದಕ್ಕೆ ಮೂರೂವರೆ ನಕ್ಷತ್ರ.