ಏಸ್ ಇವಿಗೆ ಫೈಬರ್ ಟಾಪ್: ಕುಂಬಳೆಯ ಕೆಲಸ ಹೇಗಿದೆ?

ಟಾಟಾ ಏಸ್ ಇವಿ ಎಂಬ ವಿದ್ಯುತ್ ಮಿನಿ ಟ್ರಕ್ಕಿನ ತೊಟ್ಟಿಗೆ ರಾತ್ರಿ ಒಳಗೆ ಮಲಗುವಂಥ ಫೈಬರ್ ಟಾಪ್ (ಮುಚ್ಚಿಗೆ) ಕೂರಿಸಿಕೊಡುವ ವರ್ಕ್‌ಶಾಪ್ ಕಾಸರಗೋಡು ಜಿಲ್ಲೆಯ ಕುಂಬಳೆಯ ಹೆದ್ದಾರಿ ಬದಿಯಲ್ಲಿದೆ. ಕೆಲಸ ಒಟ್ಟಿನಲ್ಲಿ ಅಚ್ಚುಕಟ್ಟು, ಆದರೆ ಪಕ್ಕದಲ್ಲೇ ನಿಂತು ಮಾಡಿಸಬೇಕು.

ಮೆಚ್ಚಬೇಕಾದ್ದು, ಎಲ್ಲೂ ವೆಲ್ಡಿಂಗ್ ಇಲ್ಲ. ತೊಟ್ಟಿಯ ಅಂಚಿಗೆ ಕ್ಲ್ಯಾಂಪ್ ಹಾಕಿ ಬಿಗಿಯುತ್ತಾರೆ. ತಳಕ್ಕೆ ಡ್ರಿಲ್ ಹಾಕಲು ಮಾತ್ರ ಯಾರಿಗೂ ಬಿಡಬೇಡಿ. ಕೆಳಗಿರುವುದು ಗಾಡಿ ಓಡಿಸುವ ಬ್ಯಾಟರಿ, ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್. ಒಳಗಿನ ದೀಪಕ್ಕೆ 12 ವೋಲ್ಟ್ ಬ್ಯಾಟರಿಯಿಂದ ಫ್ಯೂಸ್ ಹಾಕಿಯೇ ಲೈನ್ ಎಳೆಸಿ.

ಇವರು ಎಡವುವುದು ಸೀಲ್‌ನಲ್ಲಿ. ನೀರು ತಡೆಯುವ ರಬ್ಬರ್ ಪಟ್ಟಿ, ಅಂದರೆ ಬೀಡಿಂಗನ್ನು ಮೂಲೆ ಮೂಲೆಗೂ ತುಂಡರಿಸಿ, ಮೇಲೆ ಸಿಲಿಕಾನ್ ಬಳಿದು ಮುಗಿಸುತ್ತಾರೆ. ಆಟಿ ತಿಂಗಳ ಜೋರು ಮಳೆಗೆ ನೀರು ನುಗ್ಗುವುದು ಅಲ್ಲಿಂದಲೇ. ಇಡೀ ಸುತ್ತಿಗೆ ಒಂದೇ ಬೀಡಿಂಗ್ ಹಾಕಿಸಿ, ಜೋಡಣೆ ಹಿಂದುಗಡೆ ಬರಲಿ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟಿಗೆ ಕಡಲ ಗಾಳಿಯಲ್ಲಿ ತುಕ್ಕಿನ ಚುಕ್ಕೆ ಬೀಳುತ್ತದೆ, 316 ದರ್ಜೆಯದ್ದನ್ನೇ ಕೇಳಿ. ಅಲ್ಯೂಮಿನಿಯಂ ಚೌಕಟ್ಟಿಗೆ ನೈಲಾನ್ ವಾಷರ್ ಇಲ್ಲದಿದ್ದರೆ ಬೋಲ್ಟಿನ ಸುತ್ತ ಬಿಳಿ ಪುಡಿ ಏಳುತ್ತದೆ. ಸ್ವಲ್ಪ ದೂರ ಓಡಿಸಿದ ಮೇಲೆ ಕ್ಲ್ಯಾಂಪ್ ಇನ್ನೊಮ್ಮೆ ಬಿಗಿಸಬೇಕು.

ಟಾಪಿನ ತೂಕ ಗಾಡಿ ಹೊರಬಹುದಾದ ಭಾರಮಿತಿಯಲ್ಲೇ (ಏಸ್ ಇವಿಯ ಮೂಲ ಮಾದರಿಗೆ 600 ಕಿಲೋ) ಕಳೆಯುತ್ತದೆ. ಕ್ಯಾಬಿನ್‌ಗಿಂತ ಎತ್ತರ ಮಾಡಿಸಿದರೆ ಗಾಳಿ ಹಿಡಿದು ರೇಂಜ್ (ಒಂದು ಚಾರ್ಜಿಗೆ ಓಡುವ ದೂರ) ಇಳಿಯುವುದು ಖಂಡಿತ. ಆರ್‌ಸಿ (ನೋಂದಣಿ ಪತ್ರ) ತಿದ್ದಿಸುವ ಓಡಾಟ ಗಿರಾಕಿಯದ್ದೇ. ಆರ್‌ಟಿಒ ಅನುಮತಿ ಸಿಕ್ಕಿದ ಮೇಲೆಯೇ ಅಡ್ವಾನ್ಸ್ ಕೊಡಿ.