24 ಇಂಚಿನ ಪುಟ್ಟಿ ಬ್ಲೇಡ್: ಯಾರು ತಗೋಬೇಕು, ಯಾರಿಗೆ ಬೇಡ

24 ಇಂಚಿನದು ತಗೊಳ್ಳಿ. 40 ಇಂಚಿನದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಅವಸರ ಇರುವವರಿಗೆ ಇಷ್ಟು ಸಾಕು. ಪುರುಸೊತ್ತು ಇದ್ದವರು ಮುಂದೆ ಓದಿ, ಯಾಕೆ ಅಂತ ಹೇಳುತ್ತೇನೆ.

ನಾನು ದಾವಣಗೆರೆಯಲ್ಲಿ ಪೇಂಟಿಂಗ್ ಕಾಂಟ್ರ್ಯಾಕ್ಟ್ ಮಾಡುತ್ತೇನೆ. ಜಾಸ್ತಿ ಕೆಲಸ ಹೊಸ ಮನೆಗಳದ್ದು. ನಡುನಡುವೆ ಹರಿಹರ, ಚಿತ್ರದುರ್ಗ, ಶಿವಮೊಗ್ಗ ಕಡೆಗೂ ಹೋಗುತ್ತೇವೆ. ಹೆಸರಿಗೆ ಪೇಂಟರ್, ಆದರೆ ನಮ್ಮ ಹೊತ್ತೆಲ್ಲ ಹೋಗುವುದು ಪುಟ್ಟಿಯಲ್ಲಿ, ಅಂದರೆ ಬಣ್ಣಕ್ಕೆ ಮುಂಚೆ ಗೋಡೆಗೆ ಬಳಿಯುವ ಬಿಳಿ ಲೇಪದಲ್ಲಿ. ಮನೆ ಯಜಮಾನರು ಬಣ್ಣದ ಕಾರ್ಡ್ ಹಿಡಿದು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಗೋಡೆ ಮಟ್ಟ ಇದೆಯಾ ಅಂತ ಒಬ್ಬರೂ ಕೇಳುವುದಿಲ್ಲ. ಗೃಹಪ್ರವೇಶದ ರಾತ್ರಿ ಲೈಟ್ ಹಾಕಿದ ಮೇಲೆ ಫೋನ್ ಬರುತ್ತದೆ.

ಆ ಲೈಟೇ ಈಗಿನ ದೊಡ್ಡ ತಲೆನೋವು. ಮೊದಲು ಒಂದು ಕೋಣೆಗೆ ಒಂದು ಟ್ಯೂಬ್‌ಲೈಟ್ ಇರುತ್ತಿತ್ತು, ಸಣ್ಣಪುಟ್ಟ ಡೊಂಕು ಕಣ್ಣಿಗೆ ಬೀಳುತ್ತಿರಲಿಲ್ಲ. ಈಗ ಸೀಲಿಂಗ್ ಅಂಚಿನಲ್ಲಿ ಎಲ್‌ಇಡಿ ಪಟ್ಟಿ, ಗೋಡೆಗೆ ಒರಸಿಕೊಂಡೇ ಇಳಿಯುವ ಪ್ರೊಫೈಲ್ ಲೈಟ್. ಬೆಳಕು ಗೋಡೆಯ ಮೇಲೆ ಅಡ್ಡ ಬಿದ್ದರೆ ಒಂದು ಮಿಲಿಮೀಟರ್ ಉಬ್ಬಿದ್ದರೂ ಅದರ ನೆರಳು ಕಾಣುತ್ತದೆ. ಅದರ ಮೇಲೆ ಹೊಳಪಿನ ಎಮಲ್ಷನ್ ಬಣ್ಣ ಬೇರೆ ಕೇಳುತ್ತಾರೆ. ಹೊಳಪು ಜಾಸ್ತಿ ಆದಷ್ಟೂ ಅಲೆ ಎದ್ದು ಕಾಣುತ್ತದೆ. ನಾವು ದಿನಾ ಹಿಡಿಯುವ ಎಂಟು ಇಂಚಿನ ಬ್ಲೇಡಿನಲ್ಲಿ ಎಷ್ಟೇ ಚೆನ್ನಾಗಿ ಎಳೆದರೂ ಆ ಅಲೆ ಹೋಗುವುದಿಲ್ಲ. ಗೋಡೆ ಇಳಿದ ಕಡೆ ಬ್ಲೇಡೂ ಇಳಿಯುತ್ತದೆ, ಏರಿದ ಕಡೆ ಏರುತ್ತದೆ. ಗೋಡೆ ನುಣ್ಣಗಾಗುತ್ತದೆ, ಮಟ್ಟ ಆಗುವುದಿಲ್ಲ. ಎರಡೂ ಒಂದೇ ಅಂತ ತಿಳಿದವರೇ ನಮ್ಮಲ್ಲಿ ಜಾಸ್ತಿ.

ಅಗಲದ ಬ್ಲೇಡ್ ಬರುವುದು ಇಲ್ಲಿಗೆ. ಎರಡು ಅಡಿ ಉದ್ದದ ಅಲ್ಯೂಮಿನಿಯಂ ಹಿಡಿಕೆ, ಅದರ ಬಾಯಿಗೆ ಸಿಕ್ಕಿಸಿದ ತೆಳ್ಳನೆಯ ಸ್ಟೀಲ್ ಬ್ಲೇಡ್, ಎರಡು ತುದಿಗೆ ಪ್ಲಾಸ್ಟಿಕ್ ಮುಚ್ಚಳ. ಅಷ್ಟೇ. ಇಂಗ್ಲೆಂಡಿನ ಪ್ಲಾಸ್ಟರ್ ಕೆಲಸದವರು ಜಿಪ್ಸಮ್ ಪ್ಲಾಸ್ಟರನ್ನು ಎರಡು ಮಿಲಿಮೀಟರ್ ದಪ್ಪಕ್ಕೆ ಬಳಿದು ಇಂಥದ್ದರಲ್ಲೇ ಮಟ್ಟ ಮಾಡುತ್ತಾರೆ. ನನಗೆ ಇದರ ವಿಷಯ ಹೇಳಿದ್ದು ಕುವೈತ್‌ನಲ್ಲಿ ದುಡಿದು ಬಂದ ಕುಂದಾಪುರದ ಹುಡುಗ. ಆನ್‌ಲೈನ್‌ನಲ್ಲಿ 1,650 ರೂಪಾಯಿ ಕೊಟ್ಟು ತರಿಸಿದೆ. ಸೈಟಿಗೆ ತಂದ ದಿನ ನಮ್ಮ ಹಳೆಯ ಕೆಲಸಗಾರ ನೋಡಿ, ‘ಇದೇನ್ರಿ ಮೇಸ್ತ್ರಿ, ನೆಲ ಒರೆಸೋ ವೈಪರ್ ತಂದೀರಿ?’ ಅಂದ. ಈಗಲೂ ಅದಕ್ಕೆ ನಮ್ಮಲ್ಲಿ ವೈಪರ್ ಅಂತಲೇ ಹೆಸರು.

ಇದು ಪುಟ್ಟಿ ಬಳಿಯುವ ಬ್ಲೇಡ್ ಅಲ್ಲ. ಬಳಿದದ್ದನ್ನು ಮಟ್ಟ ಮಾಡುವ ಬ್ಲೇಡ್. ಇದು ಗೊತ್ತಿಲ್ಲದೆ ತಗೊಂಡವರೇ ‘ದಂಡ’ ಅಂತ ಬೈಯುವುದು. ಬಳಿಯುವುದಕ್ಕೆ ನಮ್ಮ ಎಂಟು ಇಂಚಿನ ಬ್ಲೇಡೇ ಸರಿ. ಕೆಲವರು ಉಣ್ಣೆಯ ರೋಲರ್‌ನಲ್ಲೂ ಬಳಿಯುತ್ತಾರೆ. ಒಬ್ಬ ಬಳಿಯುತ್ತಾ ಮುಂದೆ ಹೋಗಬೇಕು, ಹಿಂದೆಯೇ ಇನ್ನೊಬ್ಬ ವೈಪರ್ ಹಿಡಿದು ಬರಬೇಕು. ಒಬ್ಬನೇ ಎರಡೂ ಮಾಡುತ್ತೇನೆ ಅಂತ ಹೊರಟರೆ, ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಗೋಡೆಯ ಆ ತುದಿ ಮುಟ್ಟುವಷ್ಟರಲ್ಲಿ ಈ ತುದಿ ಒಣಗಿರುತ್ತದೆ. ಶಿವಮೊಗ್ಗದಲ್ಲಿ ಮಳೆಗಾಲ ಆದರೆ ಆರಾಮಾಗಿ ಚಹಾ ಕುಡಿದು ಬಂದರೂ ಪುಟ್ಟಿ ಹಸಿಯಾಗೇ ಇರುತ್ತದೆ. ಹಾಗಾಗಿ ಒಮ್ಮೆ ಎಳೆದ ಮೇಲೆ ಇಷ್ಟೇ ನಿಮಿಷ ಬಿಡಿ ಅಂತ ಹೇಳಲು ಬರುವುದಿಲ್ಲ. ಬೆರಳು ತಾಗಿಸಿ ನೋಡಬೇಕು. ಪುಟ್ಟಿ ಬೆರಳಿಗೆ ಅಂಟಬಾರದು, ಆದರೆ ಅಚ್ಚು ಮೂಡಬೇಕು. ಎರಡನೇ ಸಲ ಎಳೆಯಲು ಅದೇ ಹೊತ್ತು.

ಕಲಸುವುದರಲ್ಲೂ ಸ್ವಲ್ಪ ಬದಲಾಗುತ್ತದೆ. ಬಿಳಿ ಸಿಮೆಂಟಿನ ಪುಟ್ಟಿಗೆ ಕಿಲೋಗೆ 350ರಿಂದ 400 ಎಂಎಲ್ ನೀರು ಸಾಕು. ನಮ್ಮ ಹುಡುಗರು ಕೈ ಹಗುರ ಆಗಲಿ ಅಂತ ನೀರು ಜಾಸ್ತಿ ಸುರಿಯುತ್ತಾರೆ. ಸಣ್ಣ ಬ್ಲೇಡಿನಲ್ಲಿ ಅದು ಹೇಗೋ ನಡೆಯುತ್ತದೆ. ಅಗಲದ ಬ್ಲೇಡಿನ ಕೆಳಗೆ ನೀರು ಪುಟ್ಟಿ ಹಾಕಿದರೆ ಬ್ಲೇಡ್ ಅದನ್ನೆಲ್ಲ ಬಳಿದುಕೊಂಡು ಹೋಗುತ್ತದೆ, ತಗ್ಗು ಹಾಗೇ ಉಳಿಯುತ್ತದೆ. ಗಟ್ಟಿ ಮೊಸರಿನ ಹದ ಇರಬೇಕು. ಕಲಸಿ ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ತಿರುಗಿಸಿದರೆ ಗಂಟು ಇರುವುದಿಲ್ಲ.

ಗಂಟಿನ ಮಾತು ಬಂತು, ಇನ್ನೊಂದು ಹೇಳಿಬಿಡುತ್ತೇನೆ. ಈಗ ಪ್ಲಾಸ್ಟರಿಂಗ್ ಎಲ್ಲ ಎಂ-ಸ್ಯಾಂಡು, ಪಿ-ಸ್ಯಾಂಡು, ಅಂದರೆ ಕಲ್ಲು ಪುಡಿ ಮಾಡಿದ ಮರಳು. ಗೋಡೆಯ ಮೇಲೆ ಚೂಪು ಕಾಳು ನಿಂತಿರುತ್ತದೆ. ಅಂಥ ಒಂದು ಕಾಳು ಎದ್ದು ಬ್ಲೇಡಿನ ಬಾಯಿಗೆ ಸಿಕ್ಕರೆ ಗೋಡೆಯ ಉದ್ದಕ್ಕೂ ಗೀರು ಬೀಳುತ್ತದೆ. ಸಣ್ಣ ಬ್ಲೇಡಾದರೆ ಒಂದು ಅಡಿ ಗೀರು, ಇದರಲ್ಲಿ ಆಳೆತ್ತರ. ಆದ್ದರಿಂದ ಮೊದಲು ಗೋಡೆಯನ್ನು ಕಲ್ಲಿನಿಂದ ಚೆನ್ನಾಗಿ ಉಜ್ಜಿ, ಧೂಳು ಗುಡಿಸಿ, ನೀರು ಚಿಮುಕಿಸಬೇಕು. ಬಕೆಟ್ ಅಂಚಿನಲ್ಲಿ ಒಣಗಿದ ಪುಟ್ಟಿಯ ಹಕ್ಕಳೆ ಒಳಗೆ ಬೀಳದಂತೆಯೂ ನೋಡಿಕೊಳ್ಳಬೇಕು. ವೈಪರ್ ಬಂದ ಮೇಲೆ ನಮ್ಮ ಬಕೆಟ್‌ಗಳು ಮೊದಲ ಸಲ ಸ್ನಾನ ಕಂಡವು.

ಎಳೆಯುವ ರೀತಿ ಕೈಗೆ ಹತ್ತಲು ಸ್ವಲ್ಪ ಹೊತ್ತು ಬೇಕು. ಎರಡೂ ಕೈಯಲ್ಲಿ ಹಿಡಿಯಬೇಕು. ಬ್ಲೇಡ್ ಗೋಡೆಗೆ ಮಲಗಿದಂತೆ ಇದ್ದರೆ ಪುಟ್ಟಿ ಗೋಡೆಯಲ್ಲೇ ಉಳಿಯುತ್ತದೆ, ತಗ್ಗು ತುಂಬುತ್ತದೆ. ನೆಟ್ಟಗೆ ನಿಲ್ಲಿಸಿದಷ್ಟೂ ಕೆರೆದುಕೊಂಡು ಬರುತ್ತದೆ. ಮೊದಲ ಕೋಟ್ ಮಲಗಿಸಿ, ಕೊನೆಯದು ನಿಲ್ಲಿಸಿ. ಒಂದು ಸಲ ಅಡ್ಡ ಎಳೆದರೆ ಇನ್ನೊಂದು ಸಲ ಉದ್ದ. ಒಂದೇ ದಿಕ್ಕಿನಲ್ಲಿ ಎಳೆದರೆ ಆ ದಿಕ್ಕಿನ ಅಲೆ ಹಾಗೇ ಕೂರುತ್ತದೆ. ಹಿಂದಿನ ಎಳೆತದ ಮೇಲೆ ಮೂರನೇ ಒಂದು ಪಾಲು ಹತ್ತಿಸಿ, ಹಸಿ ಇರುವ ಕಡೆಯ ತುದಿಯನ್ನು ಕೂದಲೆಳೆಯಷ್ಟು ಎತ್ತಿ ಹಿಡಿದರೆ ನಡುವೆ ಗೆರೆ ಬೀಳುವುದಿಲ್ಲ. ಒತ್ತುವುದರಲ್ಲಿ ಹುಷಾರು. ಮಧ್ಯೆ ಜೋರಾಗಿ ಒತ್ತಿದರೆ ಬ್ಲೇಡ್ ಬಾಗಿ ತಗ್ಗಿನೊಳಗೆ ಇಳಿಯುತ್ತದೆ. ಆಮೇಲೆ ಎಂಟು ಇಂಚಿಗೂ ಇದಕ್ಕೂ ಏನು ವ್ಯತ್ಯಾಸ, ಅಲ್ವಾ?

ನನಗೆ ನಿಜವಾಗಿ ದುಡ್ಡು ವಾಪಸ್ ಬಂದಿದ್ದು ಸೀಲಿಂಗ್‌ನಲ್ಲಿ. ಕಾಂಕ್ರೀಟ್ ಸುರಿಯಲು ಕೆಳಗೆ ಹಾಸುವ ಸೆಂಟ್ರಿಂಗ್ ಶೀಟ್ ಕೂಡಿದ ಕಡೆಯೆಲ್ಲ ಕಾಂಕ್ರೀಟಿನಲ್ಲಿ ಏಣು ಎದ್ದಿರುತ್ತದೆ. ಪ್ಲಾಸ್ಟರ್ ಮಾಡಿದ ಮೇಲೂ ಕೆಲವು ಕಡೆ ಅದರ ಗುರುತು ಉಳಿಯುತ್ತದೆ. ಕಿಟಕಿಯ ಬೆಳಕು ಸೀಲಿಂಗ್ ಸವರಿಕೊಂಡು ಹೋಗುವುದರಿಂದ ಅದು ಮೊದಲು ಕಣ್ಣಿಗೆ ಬೀಳುತ್ತದೆ. ಸಣ್ಣ ಬ್ಲೇಡಿನಲ್ಲಿ ಕತ್ತು ಎತ್ತಿಕೊಂಡು ಒಂದು ಕೋಣೆ ಮುಗಿಸಿದವನು ಸಂಜೆ ಊಟಕ್ಕೂ ತಲೆ ಬಗ್ಗಿಸಲಾರ. ಈ ಬ್ಲೇಡಿನ ಬೆನ್ನಿಗೆ ಕೋಲು ಸಿಕ್ಕಿಸುವ ಜೋಡಣೆ ಬರುತ್ತದೆ, ಅದನ್ನೂ ಸೇರಿಸಿ ತಗೊಳ್ಳಿ. ನೆಲದ ಮೇಲೆ ನಿಂತೇ ಎಳೆಯಬಹುದು. ಬಳಿಯುವವನಿಗೆ ಮಾತ್ರ ಸ್ಟೂಲು ಬೇಕು, ಹಿಂದೆ ಬರುವವನಿಗೆ ಬೇಡ. ಮುಖದ ಮೇಲೆ ಪುಟ್ಟಿ ಬೀಳುವುದು ಮಾತ್ರ ತಪ್ಪುವುದಿಲ್ಲ. ಕನ್ನಡಕ ಹಾಕಿಸಿ, ಕಣ್ಣಿಗೆ ಸಿಮೆಂಟ್ ಪುಟ್ಟಿ ಬಿದ್ದರೆ ಆಟ ಅಲ್ಲ.

ಇನ್ನು ಉಳಿತಾಯ. ಪುಟ್ಟಿ ಉಳಿಯುತ್ತದೆ ಅಂತ ಮಾರುವವರು ಹೇಳುತ್ತಾರೆ, ನಂಬಬೇಡಿ. ತಗ್ಗು ನಿಜವಾಗಿ ತುಂಬುವುದರಿಂದ ಮೊದಲ ಕೋಟ್‌ಗೆ ಒಂದು ಹಿಡಿ ಜಾಸ್ತಿಯೇ ಹೋಗುತ್ತದೆ. ಉಳಿಯುವುದು ಉಪ್ಪುಕಾಗದ ಉಜ್ಜುವ ಕೂಲಿ. ಬ್ಲೇಡಿನ ಗೆರೆಗಳೇ ಕಡಿಮೆ ಆದ ಮೇಲೆ ಉಜ್ಜಲು ಏನಿದೆ? ಧೂಳೂ ಕಡಿಮೆ. ಪುಟ್ಟಿಯ ಧೂಳು ಕುಡಿದು ಕೆಮ್ಮುವ ಹಳೆಯ ಪೇಂಟರ್‌ಗಳು ಪ್ರತಿ ಊರಿನಲ್ಲೂ ಇದ್ದಾರೆ. ಮಾಸ್ಕ್ ಹಾಕಿಕೊಳ್ಳಿ ಅಂದರೆ ನಮ್ಮ ಹುಡುಗರು ಅದನ್ನು ಗದ್ದಕ್ಕೆ ಹಾಕಿಕೊಳ್ಳುತ್ತಾರೆ. ಹಾಗಾಗಿ ಧೂಳನ್ನೇ ಕಡಿಮೆ ಮಾಡುವ ಸಾಮಾನು ಯಾವುದಾದರೂ ನನಗೆ ಇಷ್ಟ.

ಆಗದ ಕೆಲಸಗಳೂ ಇವೆ. ಗಾರೆಯವರು ದಾರಕ್ಕೆ ಕಟ್ಟಿದ ತೂಕದ ಗುಂಡು ಬಿಟ್ಟು ನೋಡದೆ ಎಬ್ಬಿಸಿದ ಗೋಡೆಯನ್ನು ಇದು ನೆಟ್ಟಗೆ ಮಾಡುವುದಿಲ್ಲ. ಎರಡು ಅಡಿ ಬ್ಲೇಡ್ ಎರಡು ಅಡಿಗಿಂತ ಕಡಿಮೆ ಅಗಲದ ತಗ್ಗನ್ನು ಮಾತ್ರ ಹಿಡಿಯುತ್ತದೆ. ನಾಲ್ಕು ಅಡಿ ಅಗಲದ ಹೊಂಡಕ್ಕೆ ಅದೂ ಗೋಡೆಯ ಜೊತೆಗೇ ಇಳಿಯುತ್ತದೆ. ಸಿಮೆಂಟ್ ಪುಟ್ಟಿಯನ್ನು ಎರಡು ಕೋಟ್ ಸೇರಿ ಸಾಮಾನ್ಯವಾಗಿ ಒಂದೂವರೆ ಮಿಲಿಮೀಟರ್‌ಗಿಂತ ದಪ್ಪ ಹಾಕಬಾರದು. ಹಾಕಿದರೆ ಬಿರುಕು ಬಿಡುತ್ತದೆ, ಹಪ್ಪಳದ ಹಾಗೆ ಏಳುತ್ತದೆ. ಅಂಥ ಗೋಡೆಗೆ ಮತ್ತೆ ಪ್ಲಾಸ್ಟರ್ ಮಾಡಿಸಿ ಅಂತ ಯಜಮಾನರಿಗೆ ಮೊದಲೇ ಹೇಳಿಬಿಡಿ. ಸ್ವಿಚ್ ಬಾಕ್ಸ್ ಸುತ್ತ, ಕಿಟಕಿಯ ಪಕ್ಕದ ಸಣ್ಣ ಪಟ್ಟಿ, ಮೂಲೆ, ಮೆಟ್ಟಿಲ ಕೆಳಗೆ ಇದು ಹಿಡಿಸುವುದೇ ಇಲ್ಲ. ಅಲ್ಲಿ ನಾಲ್ಕು ಇಂಚಿನ ಹಳೆಯ ಬ್ಲೇಡೇ ಗತಿ. ಪುಟ್ಟಿಗೆ ಮುಂಚೆ ಸ್ವಿಚ್ ಬಾಕ್ಸ್ ಗೋಡೆಯಿಂದ ಹೊರಗೆ ಬಂದಿದೆಯಾ ಅಂತ ಎಲೆಕ್ಟ್ರಿಷಿಯನ್‌ಗೆ ತೋರಿಸಿಬಿಟ್ಟರೆ ಒಳ್ಳೆಯದು. ಇಲ್ಲದಿದ್ದರೆ ಬ್ಲೇಡ್ ಅದರ ಮೇಲೆ ಹತ್ತಿ ಕೂರುತ್ತದೆ.

40 ಇಂಚಿನದು ಯಾಕೆ ಬೇಡ? ಲೆಕ್ಕದಲ್ಲಿ ಅದೇ ಇನ್ನೂ ಚೆನ್ನಾಗಿ ಮಟ್ಟ ಮಾಡಬೇಕು. ಆದರೆ ನಮ್ಮ ಮನೆಗಳ ಕೋಣೆ ಹತ್ತಕ್ಕೆ ಹನ್ನೊಂದು ಅಡಿ. ಅದರಲ್ಲಿ ಒಂದು ಬಾಗಿಲು, ಒಂದು ಕಿಟಕಿ, ಒಂದು ವಾರ್ಡ್‌ರೋಬ್ ಗೂಡು. ಮೂರು ಅಡಿ ನಾಲ್ಕು ಇಂಚಿನ ಬ್ಲೇಡ್ ತಿರುಗಿಸಲು ಜಾಗ ಎಲ್ಲಿದೆ? ಪುಟ್ಟಿ ತುಂಬಿದ ಮೇಲೆ ಭಾರ ಬೇರೆ. ಗೆಳೆಯನೊಬ್ಬ ತಗೊಂಡಿದ್ದಾನೆ, ಕಲ್ಯಾಣ ಮಂಟಪದ ಹಾಲ್ ಸಿಕ್ಕರೆ ಮಾತ್ರ ಹೊರಗೆ ತೆಗೆಯುತ್ತಾನೆ. 16 ಇಂಚಿನದು ಬೇಕಾದರೆ ಜೊತೆಗಿರಲಿ, ಪ್ಯಾಸೇಜ್‌ಗೆ, ಬಾತ್‌ರೂಮಿನ ಟೈಲ್ಸ್ ಮೇಲಿನ ಪಟ್ಟಿಗೆ ಬರುತ್ತದೆ.

ಬ್ಲೇಡಿನ ದಪ್ಪ 0.3 ಮಿಲಿಮೀಟರ್ ಮತ್ತು 0.5 ಮಿಲಿಮೀಟರ್ ಎರಡೂ ಸಿಗುತ್ತವೆ. ದಪ್ಪದ್ದು ಕಡಿಮೆ ಬಾಗುತ್ತದೆ, ಮೊದಲ ಕೋಟ್ ಮಟ್ಟ ಮಾಡಲು ಒಳ್ಳೆಯದು. ತೆಳ್ಳಗಿನದು ಕೊನೆಯ ಕೋಟ್‌ಗೆ. ಒಂದೇ ತಗೊಳ್ಳುವುದಾದರೆ ಹೊಸಬರಿಗೆ ನಾನು ದಪ್ಪದ್ದನ್ನೇ ಹೇಳುತ್ತೇನೆ, ಕೈ ಒತ್ತಡ ತಪ್ಪಿದರೂ ತಡೆದುಕೊಳ್ಳುತ್ತದೆ. ಹೊಸ ಬ್ಲೇಡಿನ ಅಂಚು ಗರಗರ ಇದ್ದರೆ ನುಣುಪು ಉಪ್ಪುಕಾಗದದಲ್ಲಿ ಒಮ್ಮೆ ಸವರಿ, ಎರಡು ಮೂಲೆಗಳನ್ನು ಚೂರು ಉರುಟು ಮಾಡಿಕೊಳ್ಳಿ.

ನಾನು ತರಿಸಿದ ಸಾಮಾನಿನ ಬಗ್ಗೆ ದೂರೂ ಇದೆ. ಒಂದು ತುದಿಯ ಮುಚ್ಚಳ ಬೇಗ ಸಡಿಲಾಯಿತು, ಪುಟ್ಟಿ ಒಳಗೆ ನುಗ್ಗಿ ಹಿಡಿಕೆಯಲ್ಲಿ ಗಟ್ಟಿಯಾಗುತ್ತದೆ. ಈಗ ಅಲ್ಲಿಗೆ ಇನ್ಸುಲೇಷನ್ ಟೇಪ್ ಸುತ್ತಿದ್ದೇವೆ. ಬದಲಿ ಬ್ಲೇಡ್ ಕೇಳಿದರೆ ಮಾರಿದವರ ಹತ್ತಿರ ಸ್ಟಾಕ್ ಇಲ್ಲ, ಪೂರ್ತಿ ಸೆಟ್ಟೇ ತಗೊಳ್ಳಿ ಅನ್ನುತ್ತಾರೆ. ಆಮೇಲೆ ಇನ್ನೊಂದು ಕಂಪನಿಯದು ಅಗ್ಗಕ್ಕೆ ಸಿಕ್ಕಿತು ಅಂತ ತರಿಸಿದೆ. ಮೇಲೆ ಸ್ಟೇನ್‌ಲೆಸ್ ಅಂತ ಬರೆದಿತ್ತು, ಒಂದು ಮಳೆಗಾಲಕ್ಕೆ ಕಂದು ಚುಕ್ಕೆ ಎದ್ದವು. ಬಿಳಿ ಪುಟ್ಟಿಯಲ್ಲಿ ತುಕ್ಕಿನ ಗೆರೆ ಬಂದರೆ ಯಜಮಾನರಿಗೆ ಏನು ಹೇಳುವುದು? ಅದನ್ನು ಈಗ ನೆಲ ಕೆರೆಯಲು ಬಿಟ್ಟಿದ್ದೇವೆ.

ವರ್ಷಕ್ಕೊಮ್ಮೆ ಸ್ವಂತ ಮನೆಯ ಒಂದು ಗೋಡೆಗೆ ತೇಪೆ ಹಾಕುವವರಿಗೆ ಇದು ಬೇಡ. ಹೊಸ ಮನೆ ಹಿಡಿಯುವ ಪೇಂಟರ್‌ಗೆ, ಫಾಲ್ಸ್ ಸೀಲಿಂಗ್ ಮಾಡುವವರಿಗೆ ಖಂಡಿತ ಬೇಕು. ಸಾಧ್ಯವಾದರೆ ಆನ್‌ಲೈನ್ ಬಿಟ್ಟು ಹಾರ್ಡ್‌ವೇರ್ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ತಗೊಳ್ಳಿ. ಅಲ್ಲಿ ಗ್ರಾನೈಟ್ ಕೌಂಟರ್ ಇದ್ದರೆ ಬ್ಲೇಡನ್ನು ಅದರ ಮೇಲೆ ನಿಲ್ಲಿಸಿ, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಡಿ. ನಡುವೆ ಎಲ್ಲಾದರೂ ಬೆಳಕು ಸೋರಿದರೆ ಇನ್ನೊಂದು ತೋರಿಸಿ ಅನ್ನಿ.