ಆ 'ಕ್ಲಿನಿಕ್' ಕ್ಲಿನಿಕ್ ಅಲ್ಲ: ಅಪ್ಪ ಅಮ್ಮನನ್ನು ಅಮೆರಿಕಕ್ಕೆ ಕರೆಸಿಕೊಂಡವರು ಓದಿ

ಟೆಕ್ಸಾಸ್‌ನಲ್ಲಿ ಮತ್ತೆ ಮತ್ತೆ ಆಗುತ್ತಿರುವ ಎಡವಟ್ಟು ಇದು. ಮಗಳ ಮನೆಗೆ ಬಂದ ಅಮ್ಮನಿಗೆ ಶನಿವಾರ ರಾತ್ರಿ ಉರಿಮೂತ್ರ. ಸಣ್ಣಪುಟ್ಟ ತೊಂದರೆಗೆ ಅಪಾಯಿಂಟ್‌ಮೆಂಟ್ ಇಲ್ಲದೆ ಹೋಗುವ ಕ್ಲಿನಿಕ್, ಅಂದರೆ ಅರ್ಜೆಂಟ್ ಕೇರ್, ಎಂಟಕ್ಕೇ ಬಾಗಿಲು ಹಾಕಿದೆ. ಸೂಪರ್‌ಮಾರ್ಕೆಟ್ ಪಕ್ಕದಲ್ಲೇ 24 ಗಂಟೆಯೂ ತೆರೆದಿರುವ ಪುಟ್ಟ ಕಟ್ಟಡ. ಒಳಗೆ ಸೋಫಾ, ಕಾಫಿ ಮೆಷಿನ್, ಕ್ಯೂ ಇಲ್ಲವೇ ಇಲ್ಲ. ಮೂತ್ರ ಪರೀಕ್ಷೆ, ಆಂಟಿಬಯೋಟಿಕ್ ಚೀಟಿ, ಒಂದು ಗಂಟೆಯೊಳಗೆ ವಾಪಸ್ ಮನೆಗೆ. ಕೆಲವು ವಾರ ಬಿಟ್ಟು ಸಾವಿರಾರು ಡಾಲರಿನ ಬಿಲ್ಲು, ಅದರ ಬೆನ್ನಿಗೇ ಡಾಕ್ಟರದ್ದು ಬೇರೆ ಬಿಲ್ಲು.

ಅದು ಫ್ರೀಸ್ಟ್ಯಾಂಡಿಂಗ್ ಎಮರ್ಜೆನ್ಸಿ ರೂಮ್. ಆಸ್ಪತ್ರೆಗೆ ಅಂಟಿಕೊಂಡಿರದಿದ್ದರೂ ದರ ಮಾತ್ರ ಆಸ್ಪತ್ರೆಯ ಎಮರ್ಜೆನ್ಸಿಯದೇ. ನೋಡಿದ್ದಕ್ಕೆ, ಪರೀಕ್ಷೆಗೆ ಕೊಡುವುದರ ಮೇಲೆ 'ಫೆಸಿಲಿಟಿ ಫೀ' (ಆ ಜಾಗ ಬಳಸಿದ್ದಕ್ಕೆ ಶುಲ್ಕ) ಅಂತ ಒಂದು ಸಾಲು ಬೀಳುತ್ತದೆ, ಬಿಲ್ಲಿನ ದೊಡ್ಡ ಪಾಲು ಅದೇ. ಇದೇ ಉರಿಮೂತ್ರಕ್ಕೆ ಅರ್ಜೆಂಟ್ ಕೇರ್‌ನಲ್ಲಿ ಇನ್ಶೂರೆನ್ಸ್ ಇಲ್ಲದೆ ಕೈಯಿಂದ ಕೊಟ್ಟರೂ ಸಾಮಾನ್ಯವಾಗಿ 150ರಿಂದ 300 ಡಾಲರಿನಲ್ಲಿ ಮುಗಿಯುತ್ತಿತ್ತು.

ಪಾಸ್‌ಪೋರ್ಟ್ ಕೈಗೆ ಕೊಡುವ ಮೊದಲು ಕೌಂಟರಿನಲ್ಲಿ ಕೇಳಿ: ಇದು ಅರ್ಜೆಂಟ್ ಕೇರೋ, ಎಮರ್ಜೆನ್ಸಿ ರೂಮೋ? ಫೆಸಿಲಿಟಿ ಫೀ ಇದೆಯೋ? ಇಂಥ ಜಾಗಗಳು ತಮ್ಮ ದರ ಆಸ್ಪತ್ರೆ ಎಮರ್ಜೆನ್ಸಿಯದ್ದೆಂದು ನೋಟಿಸ್ ಹಾಕಲೇಬೇಕು ಎಂಬುದು ಟೆಕ್ಸಾಸಿನ ಕಾನೂನು. ನೋವಿನಲ್ಲಿರುವವರ ಜೊತೆ ಬಂದವರು ಗೋಡೆ ಓದುವುದಿಲ್ಲ, ಅಷ್ಟೇ. 'ನಿಮ್ಮ ಇನ್ಶೂರೆನ್ಸ್ ತಗೋತೀವಿ' ಎಂಬ ಮಾತಿಗೂ ಮರುಳಾಗಬೇಡಿ. ಕ್ಲೇಮ್ ಕಳಿಸುವುದೇ ಬೇರೆ, ನೆಟ್‌ವರ್ಕ್‌ನಲ್ಲಿ, ಅಂದರೆ ಇನ್ಶೂರೆನ್ಸ್ ಕಂಪನಿ ಜೊತೆ ದರದ ಒಪ್ಪಂದ ಮಾಡಿಕೊಂಡವರ ಪಟ್ಟಿಯಲ್ಲಿ, ಇರುವುದೇ ಬೇರೆ. 2022ರಿಂದ ಜಾರಿಯಲ್ಲಿರುವ ನೋ ಸರ್‌ಪ್ರೈಸಸ್ ಕಾಯ್ದೆ, ಎಮರ್ಜೆನ್ಸಿಯಲ್ಲಿ ನೆಟ್‌ವರ್ಕ್ ಹೊರಗಿನವರು ಹಾಕುವ ಅನಿರೀಕ್ಷಿತ ಬಿಲ್ಲಿನಿಂದ ನಿಮ್ಮ ಕಂಪನಿ ಇನ್ಶೂರೆನ್ಸಿಗೆ ರಕ್ಷಣೆ ಕೊಡುತ್ತದೆ. ಅಪ್ಪ ಅಮ್ಮ ಬರುವಾಗ ಮಾಡಿಸುವ ತಾತ್ಕಾಲಿಕ ವಿಸಿಟರ್ ಪಾಲಿಸಿಗೆ ಕೊಡುವುದಿಲ್ಲ.

ಆ ಪಾಲಿಸಿಯಲ್ಲೂ ಎರಡು ಜಾತಿ. ಅಗ್ಗದ 'ಫಿಕ್ಸೆಡ್ ಬೆನಿಫಿಟ್' ಪಾಲಿಸಿ ಎಮರ್ಜೆನ್ಸಿ ಭೇಟಿಗೆ ಇಷ್ಟೇ ಎಂದು ಒಂದು ಸಣ್ಣ ಮೊತ್ತ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಬಿಲ್ಲಿನ ಹೆಚ್ಚಿನ ಪಾಲು ಭರಿಸುವ 'ಕಾಂಪ್ರಹೆನ್ಸಿವ್' ಆದರೂ ಮೊದಲೇ ಇದ್ದ ಬಿಪಿ, ಶುಗರ್, ಹೃದಯದ ತೊಂದರೆಗೆ 'ಅಕ್ಯೂಟ್ ಆನ್‌ಸೆಟ್' ಷರತ್ತು ಇರುತ್ತದೆ: ಏಕಾಏಕಿ ಶುರುವಾಗಿರಬೇಕು, ಹೆಚ್ಚಿನ ಪಾಲಿಸಿಗಳಲ್ಲಿ 24 ಗಂಟೆಯೊಳಗೆ ಚಿಕಿತ್ಸೆಗೆ ಹೋಗಿರಬೇಕು. 'ನಾಲ್ಕು ದಿನದಿಂದ ಸ್ವಲ್ಪ ಹಂಗೇ ಇತ್ತು' ಎಂದು ಅಪ್ಪ ನರ್ಸ್ ಹತ್ತಿರ ಸುಮ್ಮನೆ ಅಂದಿದ್ದೂ ದಾಖಲೆಗೆ ಹೋಗುತ್ತದೆ. ಸುಳ್ಳು ಬೇಡ, ಶುರುವಾದ ದಿನ, ಗಂಟೆ ಸರಿಯಾಗಿ ಹೇಳಿ.

ಬಿಲ್ಲು ಬಂದೇಬಿಟ್ಟಿದ್ದರೆ ಕಾರ್ಡ್ ತೆಗೆಯಬೇಡಿ. ಒಂದೊಂದಕ್ಕೂ ಎಷ್ಟೆಂದು ಬಿಡಿಸಿ ತೋರಿಸುವ ಐಟಮೈಸ್ಡ್ ಬಿಲ್ ಕೇಳಿ, 99281ರಿಂದ 99285ರವರೆಗಿನ ಕೋಡ್ ಹುಡುಕಿ. ಅವು ಎಮರ್ಜೆನ್ಸಿ ಭೇಟಿಯ ಐದು ಹಂತಗಳು, ಅಂಕಿ ಏರಿದಂತೆ ದರವೂ ಏರುತ್ತದೆ. ಬರೀ ಮೂತ್ರ ಪರೀಕ್ಷೆಗೆ 99284 ಹಾಕಿದ್ದರೆ ಯಾಕೆಂದು ಬರಹದಲ್ಲಿ ಕೇಳಿ.

ಪ್ರೈಮರಿ ಡಾಕ್ಟರ್ (ಖಾಯಂ ಫ್ಯಾಮಿಲಿ ಡಾಕ್ಟರ್) ವಿಷಯ ಚಿಕ್ಕದು: ಹೊಸಬರಿಗೆ ಅಪಾಯಿಂಟ್‌ಮೆಂಟ್ ಸಿಗಲು ವಾರಗಳೇ ಬೇಕು, ಹಾಗಾಗಿ ವಿಸಿಟರ್‌ಗಳಿಗೆ ಅವರು ಲೆಕ್ಕಕ್ಕಿಲ್ಲ. ಬಿಪಿ ಮಾತ್ರೆ ಮುಗಿದರೆ ಅರ್ಜೆಂಟ್ ಕೇರ್ ಸಾಕು. ಟೆಲ್ಮಾ, ಗ್ಲೈಕೋಮೆಟ್ ಅಂದರೆ ಅಲ್ಲಿ ಯಾರಿಗೂ ತಿಳಿಯದು, ಟೆಲ್ಮಿಸಾರ್ಟನ್, ಮೆಟ್‌ಫಾರ್ಮಿನ್ ಎಂದು ಮಿಲಿಗ್ರಾಂ ಸಮೇತ ಬರೆದುಕೊಂಡು ಹೋಗಿ.

ದುಡ್ಡಿನ ಹೆದರಿಕೆಗೆ ಉಲ್ಟಾ ತಪ್ಪು ಮಾಡುವವರೂ ಇದ್ದಾರೆ, ಅದು ಬಿಲ್ಲಿಗಿಂತ ಕೆಟ್ಟದ್ದು. ಎದೆ ಹಿಂಡಿದ ಹಾಗಾಗಿ ಬೆವರುತ್ತಿರುವ ಅಪ್ಪ 'ಗ್ಯಾಸ್ಟ್ರಿಕ್ಕು, ಜೆಲುಸಿಲ್ ಕೊಡಿ ಸಾಕು' ಅಂತಾರೆ, ಅರ್ಜೆಂಟ್ ಕೇರ್‌ಗೆ ಕರೆದೊಯ್ಯುತ್ತೀರಿ. ಅವರು ಇಸಿಜಿ ತೆಗೆದು ಆಂಬುಲೆನ್ಸಿಗಾಗಿ ತುರ್ತು ನಂಬರ್ 911ಕ್ಕೆ ಫೋನ್ ಮಾಡುತ್ತಾರೆ, ನಡುವೆ ಅರ್ಧ ಗಂಟೆ ಹೋಯಿತು. ಮೂರು ತಿಂಗಳೊಳಗಿನ ಮಗುವಿಗೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೂ ಎಮರ್ಜೆನ್ಸಿಯೇ. ಬಾಯಿ ಸೊಟ್ಟಗಾದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ನೇರ 911. ಇವು ಸ್ಟ್ರೋಕಿನ ಲಕ್ಷಣ, ಅದಕ್ಕೆ ಸಿಟಿ ಸ್ಕ್ಯಾನ್ ಬೇಕು, ಅರ್ಜೆಂಟ್ ಕೇರ್‌ನಲ್ಲಿ ಸಾಮಾನ್ಯವಾಗಿ ಅದಿರುವುದಿಲ್ಲ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು, ಅದನ್ನು ಎಣಿಸುವುದು ಕೊನೆಯ ಸಲ ಚೆನ್ನಾಗಿದ್ದದ್ದನ್ನು ಕಂಡ ಹೊತ್ತಿನಿಂದ. ಬೆಳಗ್ಗೆ ಏಳುವಾಗಲೇ ಹಾಗಿದ್ದರೆ, ಆಂಬುಲೆನ್ಸಿನವರಿಗೆ ಎದ್ದ ಹೊತ್ತಲ್ಲ, ರಾತ್ರಿ ಮಲಗುವಾಗ ಸರಿಯಾಗಿ ಮಾತಾಡಿದ ಹೊತ್ತು ಹೇಳಿ.